ಕೊಸರಿನಿಂದ ಕೂಪನ್‌ವರೆಗೆ: ರಿಯಾಯಿತಿಯ ದುಡ್ಡು ಯಾರ ಜೇಬಿನದು?

ಸಂತೆಯಲ್ಲಿ ಹಸಿಮೆಣಸಿನಕಾಯಿ ತೂಗಿ ಚೀಲಕ್ಕೆ ಸುರಿದ ಮೇಲೆ ಮಾರುವವರು ಇನ್ನೊಂದು ಹಿಡಿ ಹಾಕುತ್ತಾರಲ್ಲ, ಅದು ಕೊಸರು. ಹಾಕದಿದ್ದರೆ ನಾವೇ ಕೇಳಿ ಹಾಕಿಸಿಕೊಳ್ಳುತ್ತೇವೆ. ಕೊಸರು ಸಿಗುವುದು ಕೊಂಡವರಿಗೆ. ಕೂಪನ್ ಇದರ ತಿರುಗುಮುರುಗು. ಇನ್ನೂ ಅಂಗಡಿ ಮೆಟ್ಟಿಲು ಹತ್ತದವರಿಗೆ, ಬಂದರೆ ಕೊಸರು ಇದೆ ಎಂದು ಮೊದಲೇ ಕಳಿಸುವ ಚೀಟಿ ಅದು.

ಈಗ ಆ ಚೀಟಿ ಫೋನಿಗೆ ಬಂದಿದೆ. ಹತ್ತಿರದ ಬೇಕರಿ ಎಲ್ಲಿದೆ ಎಂದು ಹುಡುಕಿದರೆ ಅಂಗಡಿಯ ಹೆಸರು, ಫೋಟೊ, ದಾರಿಯ ಜೊತೆಗೆ ಆಫರ್ ಕೂಡ ಕಾಣಿಸಬಹುದು. ಸುದ್ದಿಗಾಗಿ ತಾಲ್ಲೂಕು ಕೇಂದ್ರಗಳಲ್ಲಿ ಓಡಾಡುವಾಗ ಸಣ್ಣ ಅಂಗಡಿಯವರು ನಮ್ಮನ್ನು ಕೇಳುವುದು ಇದನ್ನೇ: ಯಾರೋ ಫೋನ್ ಮಾಡಿ ಆನ್‌ಲೈನ್ ಆಫರ್ ಹಾಕಿ ಅಂತಾರೆ, ಹಾಕಬಹುದಾ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದರೆ ಈ ಚೀಟಿಗೆ 130 ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಅದನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ರಿಯಾಯಿತಿ ಕೊಟ್ಟ ದುಡ್ಡು ಯಾರ ಜೇಬಿನಿಂದ ಹೋಯಿತು?

ಕಥೆ ಶುರುವಾಗುವುದು ಅಮೆರಿಕದ ಅಟ್ಲಾಂಟಾದಲ್ಲಿ. ಕೋಕಾ-ಕೋಲಾ ಹುಟ್ಟಿದ್ದು 1886ರಲ್ಲಿ. ಔಷಧಿ ಅಂಗಡಿಗಳ ಸೋಡಾ ಕೌಂಟರಿನಲ್ಲಿ ಗ್ಲಾಸಿಗೆ 5 ಸೆಂಟ್‌ನಂತೆ ಮಾರುತ್ತಿದ್ದರು. ಜನರಿಗೆ ಅದರ ರುಚಿಯೇ ಗೊತ್ತಿರಲಿಲ್ಲ. ಆಗ ಕಂಪನಿ ಒಂದು ಗ್ಲಾಸ್ ಪುಕ್ಕಟೆ ಎಂಬ ಚೀಟಿಗಳನ್ನು ಹಂಚಿತು. ಏಸಾ ಕ್ಯಾಂಡ್ಲರ್ ಎಂಬ ವ್ಯಾಪಾರಿ ಕಂಪನಿಯನ್ನು ಕೈಗೆ ತೆಗೆದುಕೊಂಡ ಮೇಲೆ ಈ ಚೀಟಿಗಳು ಅಂಚೆಯಲ್ಲಿ ಮನೆಮನೆಗೆ ಹೋದವು. 1894ರಿಂದ 1913ರೊಳಗೆ ಸುಮಾರು 85 ಲಕ್ಷ ಗ್ಲಾಸ್ ಹೀಗೆ ಪುಕ್ಕಟೆ ಹೋಯಿತು ಎಂಬ ಅಂದಾಜಿದೆ. ಅಮೆರಿಕದ ಒಂಬತ್ತು ಜನರಲ್ಲಿ ಒಬ್ಬರು ಪುಕ್ಕಟೆ ಕುಡಿದಂತಾಯಿತು.

ಇಲ್ಲಿ ಗಮನಿಸಬೇಕಾದ್ದು ಕುಡಿದವರನ್ನಲ್ಲ, ಕೊಟ್ಟವರನ್ನು. ಚೀಟಿ ತಂದವರಿಗೆ ಅಂಗಡಿಯವರು ಗ್ಲಾಸ್ ತುಂಬಿಸಿ ಕೊಟ್ಟರು, ಅದರ ಖರ್ಚನ್ನು ಕಂಪನಿ ತುಂಬಿಕೊಟ್ಟಿತು. ಅಂಗಡಿಯವರ ಗಲ್ಲಾ ಪೆಟ್ಟಿಗೆಗೆ ನಯಾಪೈಸೆ ನಷ್ಟವಿಲ್ಲ, ಹೊಸ ಗಿರಾಕಿ ಮಾತ್ರ ಬಂದರು.

ಮುಂದೆ ಸೋಪು, ಕಾಫಿ ಪುಡಿ, ಬಿಸ್ಕತ್ತಿನ ಕಂಪನಿಗಳೂ ಇದೇ ದಾರಿ ಹಿಡಿದವು. ಪೇಪರಿನಿಂದ ಕತ್ತರಿಸಿದ ಕೂಪನ್‌ಗಳು ಅಂಗಡಿಗಳಲ್ಲಿ ಎಷ್ಟು ರಾಶಿ ಬಿದ್ದವೆಂದರೆ, ಅವನ್ನು ಎಣಿಸಿ ಯಾವ ಕಂಪನಿ ಯಾವ ಅಂಗಡಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದೇ ಒಂದು ಉದ್ಯೋಗವಾಯಿತು. 1957ರಲ್ಲಿ ನೀಲ್ಸನ್ ಕಂಪನಿ ಇದಕ್ಕೆಂದೇ ಒಂದು ಸಂಸ್ಥೆ ತೆರೆಯಿತು. ಆಗಲೂ ದುಡ್ಡು ತಯಾರಕರದೇ.

1968ರಲ್ಲಿ ಲೆಕ್ಕ ಬದಲಾಯಿತು. ಫ್ಲೋರಿಡಾದಲ್ಲಿ ವ್ಯಾಲ್‌ಪ್ಯಾಕ್ ಎಂಬ ಕಂಪನಿ ಒಂದು ಬಡಾವಣೆಯ ಸಲೂನ್, ಹೋಟೆಲ್, ಗ್ಯಾರೇಜುಗಳ ಕೂಪನ್‌ಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಸುತ್ತಲಿನ ಮನೆಗಳಿಗೆ ಅಂಚೆಯಲ್ಲಿ ಕಳಿಸತೊಡಗಿತು. ಇಲ್ಲಿ ಹಿಂದೆ ದೊಡ್ಡ ಕಂಪನಿ ಇಲ್ಲ. ಅಚ್ಚು ಹಾಕಿಸುವ ಖರ್ಚೂ ಅಂಗಡಿಯವರದು, ರಿಯಾಯಿತಿಯೂ ಅವರದೇ. ಆದರೂ ಒಂದು ಸಮಾಧಾನವಿತ್ತು. ಎಷ್ಟು ಚೀಟಿ, ಯಾವ ಓಣಿಗೆ, ಎಷ್ಟು ದಿನ ಎಂಬ ಹಗ್ಗ ಅವರ ಕೈಯಲ್ಲೇ ಇತ್ತು.

ಆಮೇಲೆ ಬಂದದ್ದು ಇಂಟರ್ನೆಟ್. ಗೂಗಲ್ 2004ರಲ್ಲಿ ಊರಿನ ಅಂಗಡಿಗಳನ್ನು ಹುಡುಕುವ ಸೇವೆ ಶುರುಮಾಡಿತು, 2005ರಲ್ಲಿ ಮ್ಯಾಪ್ ಬಂತು. 2006ರ ಆಗಸ್ಟ್‌ನಲ್ಲಿ ಆ ಮ್ಯಾಪಿನೊಳಗೆ ಕೂಪನ್ ಸೇರಿಸಿತು. ಅಂಗಡಿಯವರು ತಾವೇ ಕೂತು ಕೂಪನ್ ಬರೆದು ಹಾಕಬಹುದಿತ್ತು, ಅದಕ್ಕೆ ಶುಲ್ಕವಿಲ್ಲ. ವ್ಯಾಲ್‌ಪ್ಯಾಕ್ ಕೂಡ ತನ್ನ ಕೂಪನ್‌ಗಳನ್ನು ಅಲ್ಲಿಗೆ ಕೊಟ್ಟಿತು. ಪಿಜ್ಜಾ ಎಲ್ಲಿ ಸಿಗುತ್ತದೆ ಎಂದು ಹುಡುಕುವವರ ಕಣ್ಣೆದುರೇ ರಿಯಾಯಿತಿ. ಹಸಿದವರನ್ನೇ ಹುಡುಕಿಕೊಂಡು ಹೋಗಿ ಕೊಟ್ಟಂತೆ. ನಮ್ಮ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಸಣ್ಣ ಅಂಗಡಿಗೆ ಹೆಚ್ಚು ನ್ಯಾಯವಾಗಿದ್ದ ಏರ್ಪಾಡು ಇದು. ಆದರೆ ಕೂಪನ್ನನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಅಂಗಡಿಗೆ ಒಯ್ಯಬೇಕಿತ್ತು. ಮನೆಯಲ್ಲಿ ಕಂಪ್ಯೂಟರ್, ಪಕ್ಕದಲ್ಲಿ ಪ್ರಿಂಟರ್ ಇದ್ದವರಿಗೆ ಮಾತ್ರ ಹೊಂದುವ ಮಾತು.

ಇನ್ನು ಗ್ರೂಪಾನ್. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇವತ್ತು ನಿಮಗೆ ಫೋನ್ ಮಾಡುವ ಎಷ್ಟೋ ಜನರ ಮಾತು ಇದೇ ಮೂಸೆಯಿಂದ ಬಂದದ್ದು.

2008ರ ನವೆಂಬರ್‌ನಲ್ಲಿ ಶಿಕಾಗೋದ ಆಂಡ್ರ್ಯೂ ಮೇಸನ್ ಮತ್ತು ಗೆಳೆಯರು ತಮ್ಮ ಕಚೇರಿ ಇದ್ದ ಕಟ್ಟಡದ ಕೆಳಗಿನ ಬಾರಿನಲ್ಲೇ ಮೊದಲ ಆಫರ್ ಮಾಡಿದರು. ಒಂದು ಪಿಜ್ಜಾ ದುಡ್ಡಿಗೆ ಎರಡು. ದಿನಕ್ಕೊಂದು ಆಫರ್, ಇಷ್ಟು ಜನ ಕೊಂಡರೆ ಮಾತ್ರ ಜಾರಿ ಎಂಬ ನಿಯಮ. ಗಿರಾಕಿ ದುಡ್ಡು ಕಟ್ಟುವುದು ಗ್ರೂಪಾನ್‌ಗೆ, ಊಟ ಬಡಿಸುವುದು ಅಂಗಡಿ. ಬಂದ ದುಡ್ಡಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಗ್ರೂಪಾನ್ ಇಟ್ಟುಕೊಳ್ಳುತ್ತಿತ್ತು.

ಮಾರುಕಟ್ಟೆಗೆ ಮಾಲು ಒಯ್ಯುವ ರೈತರಿಗೆ ದಲಾಲಿ ಹೊಸದಲ್ಲ. ಆದರೆ ಈ ದಲಾಲಿಯ ಲೆಕ್ಕ ನೋಡಿ. ನಿಮ್ಮದೊಂದು ಖಾನಾವಳಿ ಅಂದುಕೊಳ್ಳಿ. ರೊಟ್ಟಿ ಊಟಕ್ಕೆ 100 ರೂಪಾಯಿ. ಜೋಳ, ಪಲ್ಯ, ಗ್ಯಾಸು, ಕೂಲಿ ಎಲ್ಲ ಸೇರಿ ನಿಮಗೆ 70 ಬೀಳುತ್ತದೆ. ಅರ್ಧ ಬೆಲೆಯ ಆಫರ್ ಹಾಕಿದಿರಿ, ಗಿರಾಕಿ ಕಟ್ಟಿದ್ದು 50. ಅದರಲ್ಲಿ ಅರ್ಧ ಕಂಪನಿಗೆ ಹೋಯಿತು, ನಿಮಗೆ ಬಂದದ್ದು 25. ಒಂದು ಊಟಕ್ಕೆ 45 ರೂಪಾಯಿ ಕೈಯಿಂದ ಹೋಯಿತು. 200 ಜನ ಬಂದರೆ 9,000. ಅಂಗಡಿ ಮುಂದೆ ಜಾತ್ರೆ, ಒಳಗೆ ಸಾಲ.

ಅವರು ಮುಂದೆ ದಿನಾ ಬರುವ ಗಿರಾಕಿ ಆಗುತ್ತಾರಲ್ಲ ಎಂಬುದು ಇದಕ್ಕೆ ಸಿಗುತ್ತಿದ್ದ ಉತ್ತರ. ಕೆಲವರು ಆದರು, ಸುಳ್ಳಲ್ಲ. ರೈಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಉತ್ಪಲ್ ಧೋಲಾಕಿಯಾ 2010ರಲ್ಲಿ ಗ್ರೂಪಾನ್ ಆಫರ್ ಹಾಕಿದ್ದ 150 ವ್ಯಾಪಾರಿಗಳನ್ನು ವಿಚಾರಿಸಿದರು. 66 ಶೇಕಡಾ ಮಂದಿ ಲಾಭವಾಯಿತು ಎಂದರು, 32 ಶೇಕಡಾ ಮಂದಿ ಲಾಭವಾಗಲಿಲ್ಲ ಎಂದರು. ಮತ್ತೊಮ್ಮೆ ಹಾಕುವುದಿಲ್ಲ ಎಂದವರು 40 ಶೇಕಡಕ್ಕಿಂತ ಹೆಚ್ಚು. ಅಂದರೆ ಲಾಭ ಕಂಡವರಲ್ಲೂ ಕೆಲವರಿಗೆ ಸಾಕಾಗಿತ್ತು.

ಇಂಗ್ಲೆಂಡಿನ ರೆಡಿಂಗ್ ಊರಿನ ಒಂದು ಸಣ್ಣ ಬೇಕರಿಯ ಕಥೆ 2011ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂತು. 26 ಪೌಂಡ್ ಬೆಲೆಯ ಒಂದು ಡಜನ್ ಕಪ್‌ಕೇಕನ್ನು ಆರೂವರೆ ಪೌಂಡಿಗೆ ಕೊಡುವ ಆಫರ್. ಎಷ್ಟು ಜನ ಕೊಳ್ಳಬಹುದು ಎಂಬುದಕ್ಕೆ ಮಿತಿಯನ್ನೇ ಇಟ್ಟಿರಲಿಲ್ಲ. 8,500 ಜನ ಕೊಂಡರು. ಮಾಡಬೇಕಾಗಿ ಬಂದ ಕೇಕು 1,02,000! ಎಂಟು ಜನ ಕೆಲಸಗಾರರಿದ್ದ ಅಂಗಡಿ ಅದು. ಹೊರಗಿನಿಂದ 25 ಜನರನ್ನು ಕರೆಸಿ ಹಗಲು ರಾತ್ರಿ ಬೇಯಿಸಿದರು. ಆ ವರ್ಷದ ಲಾಭ ಪೂರ್ತಿ ಕೊಚ್ಚಿಹೋಯಿತು.

ಇತ್ತ ಗ್ರೂಪಾನ್ ಬೆಳೆಯುತ್ತಲೇ ಇತ್ತು. 2010ರ ಕೊನೆಗೆ ಗೂಗಲ್ ಸುಮಾರು 600 ಕೋಟಿ ಡಾಲರಿಗೆ ಕೊಳ್ಳಲು ಮುಂದಾದಾಗ ಒಪ್ಪಲಿಲ್ಲ. 2011ರ ನವೆಂಬರ್‌ನಲ್ಲಿ ಷೇರು ಪೇಟೆಗೆ ಬಂತು. 2013ರ ಫೆಬ್ರುವರಿಗೆಲ್ಲ ಮೇಸನ್ ಅವರನ್ನೇ ಕೆಳಗಿಳಿಸಿದರು. ಗೂಗಲ್ ತನ್ನದೇ ಆಫರ್ ಸೇವೆ ತೆರೆದು ಅದನ್ನೂ 2014ರಲ್ಲಿ ಮುಚ್ಚಿತು.

ನಮ್ಮ ದೇಶದಲ್ಲಿ ಅಂಗಡಿ ಹುಡುಕುವ ವ್ಯವಹಾರ ಇಂಟರ್ನೆಟ್ಟಿಗಿಂತ ಮೊದಲು ಫೋನಿನಲ್ಲಿ ಶುರುವಾಯಿತು. 1996ರಲ್ಲಿ ಹುಟ್ಟಿದ ಜಸ್ಟ್‌ಡಯಲ್‌ಗೆ ಕರೆ ಮಾಡಿದರೆ ಬೇಕಾದ ಅಂಗಡಿಯ ನಂಬರ್ ಹೇಳುತ್ತಿದ್ದರು. ಸ್ನ್ಯಾಪ್‌ಡೀಲ್ ಎಂದರೆ ಈಗ ಸಾಮಾನು ಮಾರುವ ಆ್ಯಪ್ ಅನ್ನುತ್ತೇವೆ, 2010ರಲ್ಲಿ ಅದು ಶುರುವಾದದ್ದು ಇಂಥ ಕೂಪನ್ ಮಾರಾಟದಿಂದಲೇ. 2011ರಲ್ಲಿ ಕೋಲ್ಕತ್ತಾದ ಸೋಸಸ್ತಾ ಎಂಬ ಕಂಪನಿಯನ್ನು ಕೊಂಡು ಗ್ರೂಪಾನ್ ಭಾರತಕ್ಕೆ ಬಂತು.

2013ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಪೇಟೆಯಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿತ್ತು. ಆಗ ಗ್ರೂಪಾನ್ ಕಿಲೋಗೆ 9 ರೂಪಾಯಿಯಂತೆ ಈರುಳ್ಳಿ ಮಾರುತ್ತೇವೆ ಎಂದಿತು. ಒಬ್ಬರಿಗೆ ಒಂದು ಕಿಲೋ. ಮೊದಲ ದಿನದ 3,000 ಕಿಲೋ 44 ನಿಮಿಷದಲ್ಲಿ ಖಾಲಿ, ಜನ ಮುಗಿಬಿದ್ದು ವೆಬ್‌ಸೈಟೇ ಕೂತುಬಿಟ್ಟಿತು. ಚಿತ್ರದುರ್ಗ, ಗದಗ ಕಡೆಯ ಬೆಳೆಗಾರರು ಈ ಸುದ್ದಿ ಓದಿ ನಗಬೇಕೋ ಅಳಬೇಕೋ! ಆದರೆ ಇಲ್ಲೂ ನಮ್ಮ ಪ್ರಶ್ನೆ ಕೇಳಿನೋಡಿ. ಈ ಸಲ ನಷ್ಟ ಕಂಪನಿಯ ಜೇಬಿನದು. ಪ್ರಚಾರವೂ ಅದಕ್ಕೇ ಸಿಕ್ಕಿತು. ದೇಶದ ಪತ್ರಿಕೆಗಳೆಲ್ಲ ಪುಕ್ಕಟೆಯಾಗಿ ಹೆಸರು ಬರೆದವು. 2015ರಲ್ಲಿ ಗ್ರೂಪಾನ್‌ನ ಭಾರತದ ವ್ಯವಹಾರ ನಿಯರ್‌ಬೈ ಎಂದು ಹೆಸರು ಬದಲಿಸಿಕೊಂಡಿತು.

ಮುಂದಿನ ಜಗಳ ಹೋಟೆಲಿನವರದು. 2017ರಲ್ಲಿ ಜೊಮ್ಯಾಟೊ ಕಂಪನಿ ಗೋಲ್ಡ್ ಎಂಬ ಯೋಜನೆ ತಂದಿತು. ಸದಸ್ಯರಾದವರಿಗೆ ಒಂದು ತಿನಿಸು ಕೊಂಡರೆ ಇನ್ನೊಂದು ಪುಕ್ಕಟೆ. ಸದಸ್ಯರ ಶುಲ್ಕ ಜೊಮ್ಯಾಟೊಗೆ, ಪುಕ್ಕಟೆ ತಿನಿಸು ಹೋಟೆಲಿನ ಲೆಕ್ಕಕ್ಕೆ. 2019ರ ಆಗಸ್ಟ್‌ನಲ್ಲಿ ಗುರುಗ್ರಾಮದ ಹೋಟೆಲುಗಳು ಇಂಥ ಯೋಜನೆಗಳಿಂದ ಒಟ್ಟಾಗಿ ಹೊರಬಂದವು, ಬೆಂಗಳೂರು ಸೇರಿ ಬೇರೆ ನಗರಗಳಿಗೂ ಅದು ಹಬ್ಬಿತು. ಕೊನೆಗೆ ಜೊಮ್ಯಾಟೊ ದಿನಕ್ಕೆ ಒಂದೇ ಸಲ, ಒಂದು ಟೇಬಲ್ಲಿಗೆ ಎರಡೇ ಎಂಬ ಮಿತಿ ಹಾಕಿತು. ಒಂಟಿ ಬೇಕರಿಗೆ ಆಗದ್ದು ಸಂಘ ಕಟ್ಟಿದವರಿಗೆ ಆಯಿತು.

ಈಗ ನಿಮ್ಮ ಅಂಗಡಿಗೆ ಬರೋಣ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಇವತ್ತೂ ಆಫರ್ ಹಾಕುವ ಜಾಗ ಇದೆ. ಶುರುವಿನ ದಿನ, ಮುಗಿಯುವ ದಿನ, ಕೂಪನ್ ಕೋಡ್, ಷರತ್ತು ಎಲ್ಲ ನೀವೇ ಬರೆಯಬಹುದು. ಗಿರಾಕಿ ಪ್ರಿಂಟ್ ತರಬೇಕಿಲ್ಲ, ಫೋನ್ ತೋರಿಸಿದರೆ ಸಾಕು. ಕಮಿಷನ್ ಕೀಳುವವರು ನಡುವೆ ಇಲ್ಲ. 2006ರ ಏರ್ಪಾಡು ಪ್ರಿಂಟರಿನ ಕಾಟವಿಲ್ಲದೆ ಮತ್ತೆ ಸಿಕ್ಕಂತೆ.

ಹಾಗೆಂದು ಎಲ್ಲರೂ ಹಾಕಬೇಕಾಗಿಲ್ಲ. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರು ಅರ್ಧ ಬೆಲೆ ಎಂದು ಹಾಕಿದರೆ ಏನು ಪ್ರಯೋಜನ? ಆಫರ್ ಇದೆಯೆಂದು ಯಾರ ಮೋಟರೂ ಸುಡುವುದಿಲ್ಲ. ಅವರಿಗೆ ಬೇಕಾದ್ದು ಸರಿಯಾದ ಫೋನ್ ನಂಬರು, ಮ್ಯಾಪಿನಲ್ಲಿ ಸರಿಯಾದ ಜಾಗ, ಭಾನುವಾರ ತೆರೆದಿರುತ್ತದೆಯೇ ಎಂಬ ಮಾಹಿತಿ. ಖಾನಾವಳಿ, ಬೇಕರಿ, ಬ್ಯೂಟಿ ಪಾರ್ಲರ್, ಟೈಲರ್ ಅಂಗಡಿಗಳ ಮಾತು ಬೇರೆ. ಅಲ್ಲಿ ಗಿರಾಕಿಗೆ ಆಯ್ಕೆ ಇದೆ. ಅಲ್ಲೂ ಮಧ್ಯಾಹ್ನ ಒಂದು ಗಂಟೆಗೆ ಜಾಗವಿಲ್ಲದೆ ಜನ ಹೊರಗೆ ನಿಂತಿರುವಾಗ ರಿಯಾಯಿತಿ ಕೊಡುವುದು ದಂಡ. ಮೂರರಿಂದ ಐದರವರೆಗೆ, ಸಂತೆಯಿಲ್ಲದ ದಿನ, ಮೊದಲ 30 ಜನರಿಗೆ ಎಂದು ಬರೆಯಿರಿ. ನಿಮಗೆ ಬೀಳುವ ಖರ್ಚಿಗಿಂತ ಕೆಳಗೆ ಇಳಿಯಬೇಡಿ. ಕೋಡ್ ತೋರಿಸಿ ಬಂದವರನ್ನು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿ, ಅವರು ಎರಡನೇ ಸಲ ಬಂದರೆ ಅದಕ್ಕೆ ಬೇರೆ ಗೀಟು. ಎರಡನೇ ಗೀಟುಗಳು ಬೀಳದಿದ್ದರೆ ತಿಂಗಳಿಗೇ ನಿಲ್ಲಿಸಿಬಿಡಿ.

ಇನ್ನು ಆ ಫೋನ್ ಕರೆಗಳು. ಪ್ರೊಫೈಲ್ ಮಾಡಿಕೊಳ್ಳಲು, ಅದರಲ್ಲಿ ಆಫರ್ ಬರೆಯಲು ಗೂಗಲ್ ದುಡ್ಡು ಕೇಳುವುದಿಲ್ಲ. ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಪಟ್ಟಿಯಲ್ಲಿ ಹೆಸರು ಉಳಿಯಲು ಇಷ್ಟು ಕಟ್ಟಿ ಎಂದು ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಒಟಿಪಿ ಕೇಳಿದರೂ ಅಷ್ಟೇ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಯ ದೂರಿಗೆ ಸರ್ಕಾರ ಇಟ್ಟಿರುವ ನಂಬರ್ ಅದು.