ಚಂದ್ರವಳ್ಳಿಯ ಕೆರೆ, ದುರ್ಗದ ಮುತ್ತಿಗೆ

ಚಿತ್ರದುರ್ಗವನ್ನು ನಾವು ಊರಿನವರು ದುರ್ಗ ಎಂದೇ ಕರೆಯುವುದು. ಪ್ರವಾಸಿಗಳ ಬಸ್ಸು ಪೇಟೆಯ ಕಡೆಯಿಂದ ಬಂದು ಕೋಟೆಯ ಬಾಗಿಲಲ್ಲಿ ನಿಲ್ಲುತ್ತದೆ. ಬಂದವರು ಬತೇರಿ ಹತ್ತಿ, ಓಬವ್ವನ ಕಿಂಡಿಯಲ್ಲಿ ತೂರಿ, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಅದೇ ಬೆಟ್ಟದ ಪಡುವಣ ಮಗ್ಗುಲಿಗಿರುವ ಚಂದ್ರವಳ್ಳಿಯತ್ತ ತಿರುಗುವವರು ಕಡಿಮೆ. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆ ಅದು. ಅಲ್ಲಿ ಕೆರೆಯಿದೆ, ಗುಹೆಗಳಿವೆ, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳಿವೆ. ದುರ್ಗಕ್ಕೆ ಕೋಟೆ ಬರುವ ಎಷ್ಟೋ ಶತಮಾನ ಮೊದಲೇ ಇಲ್ಲೊಂದು ಊರಿತ್ತು.

ಅಂಕಿ-ಅಂಶವನ್ನು ಬೇಗ ಮುಗಿಸಿಬಿಡುತ್ತೇನೆ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 1.45 ಲಕ್ಷ, ಜಿಲ್ಲೆಯದು ಹದಿನಾರೂವರೆ ಲಕ್ಷ. ತಾಲ್ಲೂಕು ಆರು. ಬೆಂಗಳೂರು ಸುಮಾರು 200 ಕಿಲೋಮೀಟರ್. ಬಯಲಲ್ಲಿ ಶೇಂಗಾ, ಮೆಕ್ಕೆಜೋಳ; ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಸೀಮೆಯ ಮಳೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಹುಲಿಗೊಂದಿಯ ಬಂಡೆ

ಚಂದ್ರವಳ್ಳಿಯಲ್ಲಿ ನೋಡಲೇಬೇಕಾದದ್ದು ಹುಲಿಗೊಂದಿಯ ಭೈರವೇಶ್ವರ ಗುಡಿಯ ಹತ್ತಿರದ ಬಂಡೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಮೂರು ಸಾಲಿನ ಶಾಸನವಿದೆ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರ ವರದಿಯಲ್ಲಿ ಇದನ್ನು ಪ್ರಕಟಿಸಿದರು. ಕದಂಬರ ಮಯೂರಶರ್ಮ ಒಂದು ಕೆರೆಯನ್ನು ಕಟ್ಟಿಸಿದ ಎಂಬುದು ಮೊದಲ ಮಾತು. ಆಮೇಲಿನದು, ಕೃಷ್ಣ ಅವರ ಓದಿನಂತೆ, ಅವನು ಸೋಲಿಸಿದವರ ಪಟ್ಟಿ: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೈಂದಕ, ಪುಣಾಟ, ಮೌಖರಿ.

ಜಗಳ ಹುಟ್ಟಿದ್ದೇ ಇಲ್ಲಿ. ಬನವಾಸಿಯ ದೊರೆ ಉತ್ತರದ ಮೌಖರಿಗಳವರೆಗೆ ದಂಡು ಒಯ್ದನೆಂದರೆ ನಂಬುವುದು ಹೇಗೆ? ಕಂಚಿಯಲ್ಲಿ ಮಯೂರಶರ್ಮನಿಗೆ ಪಲ್ಲವರ ಕುದುರೆ ಸವಾರನೊಂದಿಗೆ ಆದ ಜಗಳ, ಓದು ಬಿಟ್ಟು ಕತ್ತಿ ಹಿಡಿದದ್ದು, ಶ್ರೀಪರ್ವತದ ಕಾಡು, ಇದೆಲ್ಲವನ್ನೂ ಬಿಡಿಸಿ ಹೇಳುವ ತಾಳಗುಂದದ ಶಾಸನ ಮೌಖರಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ಹಲವು ವಿದ್ವಾಂಸರು ಆ ಓದನ್ನು ಅನುಮಾನಿಸಿದರು. ನಮ್ಮ ಊರಿನವರೇ ಆದ ಬಿ. ರಾಜಶೇಖರಪ್ಪನವರು ಶಾಸನವನ್ನು ಮತ್ತೆ ಪರೀಕ್ಷಿಸಿ ಬೇರೆ ಓದನ್ನು ಮುಂದಿಟ್ಟರು. ಗೆಲುವುಗಳ ಬಗ್ಗೆ ವಾದ ಮುಗಿದಿಲ್ಲ. ಕೆರೆಯ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ಊರ ಚರಿತ್ರೆ ಬರೆಯುವವನಿಗೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಯುದ್ಧದ ದಾಖಲೆಯಲ್ಲಿ ದೊರೆಯ ಜಯ ಎಷ್ಟು ದೊಡ್ಡದಾಗಿ ಬರೆದಿದೆಯೋ ಅಷ್ಟು ಎಚ್ಚರದಿಂದ ಓದಬೇಕು. ಜನ ನೀರು ಕುಡಿದು ಬದುಕಿದ ಮಾತನ್ನು ಮೊದಲು ಹುಡುಕಬೇಕು.

1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆಸಿದರು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ವಿಮಾನ ನಿರೋಧಕ ಫಿರಂಗಿ ದಳ ನಡೆಸಿದ್ದ ಬ್ರಿಗೇಡಿಯರ್ ಅವರು. ರಣರಂಗದಿಂದ ನೇರ ಬಂದು ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದವರು. ಶಾತವಾಹನರ ನಾಣ್ಯ, ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ, ಬಣ್ಣದ ಗೆರೆಯ ಮಡಕೆ ಚೂರು ಇಲ್ಲಿನ ಮಣ್ಣಿನಲ್ಲಿ ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಹಣ ನಮ್ಮ ಹಿತ್ತಿಲಿಗೆ ಬಂದಿತ್ತು ಎಂದರೆ ಹೆಮ್ಮೆಯಾಗದೆ ಇರುತ್ತದೆಯೇ? ಇಷ್ಟಾಗಿಯೂ ಈಗ ಕಣಿವೆಗೆ ಹೋದರೆ ಬಂಡೆಗಳ ಮೇಲೆ ಪ್ರೇಮಿಗಳ ಹೆಸರು, ಕೆರೆಯ ದಡದಲ್ಲಿ ಪ್ಲಾಸ್ಟಿಕ್ ಲೋಟ. ಅಂಕಲಿ ಮಠದ ನೆಲದಡಿಯ ಕೋಣೆಗಳಿಗೆ ಟಾರ್ಚ್ ಹಿಡಿದು ಕರೆದೊಯ್ಯುವವರು ಅದು ರಾಜರು ಅಡಗುತ್ತಿದ್ದ ಜಾಗ ಎನ್ನುತ್ತಾರೆ. ಗಾರೆ ಮೆತ್ತಿದ ಗೋಡೆ, ಲಿಂಗ, ಕೂತು ಧ್ಯಾನ ಮಾಡುವ ಪೀಠ ನೋಡಿದರೆ ಅದು ತಪಸ್ಸಿನ ತಾಣವೆಂದು ತಿಳಿಯುತ್ತದೆ. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಗುರುಗಳು ಅಲ್ಲಿದ್ದರೆಂಬುದು ಹಳೆಯ ಪ್ರತೀತಿ. ದುರ್ಗದಲ್ಲಿ ಕತ್ತಲೆ ಕೋಣೆ ಕಂಡಲ್ಲೆಲ್ಲ ಯುದ್ಧದ ಕತೆ ಅಂಟಿಕೊಳ್ಳುವುದಕ್ಕೂ ಕಾರಣವಿದೆ.

ಮೂರು ಬಾರಿ ಬಂದ ದಂಡು

1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ದುರ್ಗದ ನಾಯಕರ ಆಳ್ವಿಕೆ ಮುಗಿದದ್ದು 1779ರಲ್ಲಿ. ಕೊನೆಯ ಮದಕರಿ ನಾಯಕ ಹೊಸದುರ್ಗ ಸೀಮೆಯ ಜಾನಕಲ್ಲಿನಿಂದ ಬಂದು 1754ರಲ್ಲಿ ಪಟ್ಟಕ್ಕೇರಿದವನು. ಆಗ ಮೈಸೂರು, ಮರಾಠರು, ನಿಜಾಮ ಮೂವರಿಗೂ ದುರ್ಗ ಬೇಕಿತ್ತು. ಮೈಸೂರಿನ ಹೈದರಾಲಿ 1762ರಲ್ಲಿ ಬಂದು ಕಪ್ಪ ಹೇರಿದ. ಆಮೇಲೆ ಕೆಲಕಾಲ ದುರ್ಗದ ಬೇಡರ ಪಡೆ ಹೈದರನ ಪರವಾಗಿಯೇ ಕಾದಾಡಿತು. 1777ರಲ್ಲಿ ಹೈದರ ಮತ್ತೆ ಮುತ್ತಿದ. ತಿಂಗಳುಗಟ್ಟಲೆ ಕಾದರೂ ಕೋಟೆ ಕೈಗೆ ಸಿಗದೆ, ಭಾರಿ ದಂಡ ಗೊತ್ತುಮಾಡಿ ರಾಜಿಯಾದ. ಅಷ್ಟರಲ್ಲಿ ಮರಾಠರ ದಂಡು ಬಂತು. ಹೈದರ ನೆರವಿಗೆ ಕರೆದರೂ ನಾಯಕ ಹೋಗಲಿಲ್ಲ. ಮರಾಠರು ಹಿಂದಿರುಗಿದ ಮೇಲೆ ಹೈದರ ಮೂರನೆಯ ಸಲ ಬಂದ. ಆ ಸಲ ದುರ್ಗ ಉಳಿಯಲಿಲ್ಲ.

ಇದು ಎರಡು ಸೇನೆಗಳ ನಡುವಿನ ಯುದ್ಧ ಮಾತ್ರವೆಂದುಕೊಂಡರೆ ಕೋಟೆಯನ್ನು ಒಮ್ಮೆ ನಿಧಾನವಾಗಿ ಹತ್ತಿ ನೋಡಬೇಕು. ಏಳುಸುತ್ತಿನ ಕೋಟೆಯೆಂದರೆ ಒಂದು ಊರು. ಕಾಳು ತುಂಬುವ ಕಣಜ, ಎಣ್ಣೆ ಕೊಳ, ತುಪ್ಪದ ಕೊಳ, ಮೇಲಿನಿಂದ ಕೆಳಕ್ಕೆ ನೀರಿಳಿಸುವ ಹೊಂಡಗಳು, ಗರಡಿ, ಗುಡಿ. ಬೀಸುಕಲ್ಲಿನ ಹಾಗೆಯೇ ಇರುವ, ಆದರೆ ಆಳೆತ್ತರದ ಮದ್ದು ಬೀಸುವ ಕಲ್ಲುಗಳನ್ನು ಮಕ್ಕಳು ಇವತ್ತೂ ಬೆರಗಾಗಿ ನೋಡುತ್ತವೆ. ಹೊರಗೆ ದಂಡು ಬೀಡುಬಿಟ್ಟಾಗ ಒಳಗೆ ಈ ಕಣಜ ಎಷ್ಟು ದಿನ ಬಂದೀತು, ಹೊಂಡದಲ್ಲಿ ನೀರೆಷ್ಟಿದೆ ಎಂಬುದೇ ಯುದ್ಧ. ಅದನ್ನು ನಡೆಸಿದವರಲ್ಲಿ ಅರ್ಧ ಜನ ಹೆಂಗಸರು.

ಓಬವ್ವನ ಕತೆ ನಿಂತಿರುವುದು ಇದೇ ನೆಲದ ಮೇಲೆ. ಕಹಳೆ ಊದುವ ಕಾವಲುಗಾರ ಮುದ್ದಹನುಮ ಊಟಕ್ಕೆ ಬಂದಿದ್ದಾನೆ. ಹೆಂಡತಿ ನೀರಿಗೆಂದು ಹೊರಟವಳು ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡು ಒನಕೆ ಎತ್ತುತ್ತಾಳೆ. ಉಣ್ಣುತ್ತಿರುವ ಗಂಡ, ಬರಿದಾದ ಕೊಡ, ಭತ್ತ ಕುಟ್ಟುವ ಒನಕೆ: ಎಲ್ಲವೂ ಅಡುಗೆಮನೆಯ ಸಾಮಾನು. ಈ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಮುತ್ತಿಗೆಗೆ ಸೇರಿಸುತ್ತಾರೆ. ನನಗೆ ಆ ಜಗಳ ದೊಡ್ಡದಲ್ಲ. ಮುತ್ತಿಗೆಯಲ್ಲಿ ಮನೆಗೂ ರಣರಂಗಕ್ಕೂ ಅಡ್ಡಗೋಡೆ ಇರಲಿಲ್ಲವೆಂದು ಊರು ತಿಳಿದಿತ್ತು, ಅದನ್ನು ಈ ಕತೆಯಾಗಿ ಉಳಿಸಿಕೊಂಡಿತು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾದ ಮೇಲೆ ಕತೆ ನಾಡಿನದಾಯಿತು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಅವಳ ಪ್ರತಿಮೆಯಿದೆ, ಕ್ರೀಡಾಂಗಣಕ್ಕೆ ಅವಳ ಹೆಸರಿದೆ, 2021ರಿಂದ ನವೆಂಬರ್ 11ರಂದು ಸರ್ಕಾರ ಜಯಂತಿ ಮಾಡುತ್ತಿದೆ. ಆಗಲಿ, ಸಂತೋಷ.

ಸೋಮವಾರದ ಕಹಳೆ

ಮುತ್ತಿಗೆಯ ಬಗ್ಗೆ ಹೊರಗಿನವರು ಮತ್ತೆ ಮತ್ತೆ ಹೇಳುವ ಕತೆ ಇನ್ನೊಂದಿದೆ. ಪ್ರತಿ ಸೋಮವಾರ ಬೇಡರು ದೇವಿಯ ಪೂಜೆ ಮಾಡಿ, ಕಹಳೆ ಊದಿ, ಕೋಟೆಯಿಂದ ನುಗ್ಗುತ್ತಿದ್ದರು. ವೇಳೆ ಶತ್ರುಗಳಿಗೆ ಗೊತ್ತಿತ್ತು, ಯಾವ ಕಡೆಯಿಂದ ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಶತ್ರುಗಳ ತಲೆ ಕಡಿದು ತೆಗೆದುಕೊಂಡೇ ಬೇಡರು ಮರಳುತ್ತಿದ್ದರು. ಕೋಟೆ ಬಿದ್ದಾಗ ದೇವಿಯ ಗುಡಿಯ ಮುಂದೆ ಎರಡು ಸಾವಿರ ತಲೆಗಳು ಸಣ್ಣ ಸಣ್ಣ ಗುಪ್ಪೆಗಳಾಗಿ ಸಾಲಾಗಿದ್ದವಂತೆ. ಇದನ್ನು ಬರೆದವನು ಮಾರ್ಕ್ ವಿಲ್ಕ್ಸ್. ಬಿ.ಎಲ್. ರೈಸ್ ಅವರ ಗೆಜೆಟಿಯರ್‌ನಲ್ಲೂ ಅದೇ ಇದೆ. ಎರಡು ಕಡೆ ಇದೆಯೆಂದು ನಮ್ಮವರು ಎರಡು ಸಾಕ್ಷಿ ಎಂದು ಎಣಿಸುತ್ತಾರೆ. ಆದರೆ ರೈಸ್ ನುಡಿದದ್ದು ವಿಲ್ಕ್ಸ್‌ನ ಬಾಯಿಂದಲೇ. ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು. ಅವನ ಚರಿತ್ರೆ ಅಚ್ಚಾಗತೊಡಗಿದ್ದು 1810ರಲ್ಲಿ, ದುರ್ಗ ಬಿದ್ದು ಮೂವತ್ತು ವರ್ಷ ಕಳೆದ ಮೇಲೆ. ಮುತ್ತಿಗೆ ಹಾಕಿದವರ ಕಡೆಯ ಮಾತು ಅವನಿಗೆ ಹತ್ತಿರವಿತ್ತು. ಸೋಮವಾರದ ದಾಳಿಯನ್ನು ನಾನು ನಂಬಬಲ್ಲೆ. ತಲೆಗಳ ಎಣಿಕೆಯನ್ನು, ಹುಲಿಗೊಂದಿಯ ಬಂಡೆ ಕಲಿಸಿದಂತೆ, ದೂರವಿಟ್ಟು ಓದುತ್ತೇನೆ.

ಕೋಟೆ ಬಿದ್ದ ಬಗೆಯೂ ಅಷ್ಟೇ. ನಾಯಕನ ಸೇವೆಯಲ್ಲಿದ್ದ ಮುಸ್ಲಿಂ ಸರದಾರರು ಹೈದರನ ಕಡೆ ವಾಲಿದ್ದರಿಂದ ದುರ್ಗ ಹೋಯಿತು ಎನ್ನುತ್ತಾರೆ ವಿಲ್ಕ್ಸ್, ರೈಸ್ ಇಬ್ಬರೂ. ಅದೇ ಸರದಾರರ ಪಡೆ ಅಷ್ಟು ಕಾಲ ಅದೇ ಕೋಟೆಯನ್ನು ಕಾದದ್ದು, ಒಂದರ ಹಿಂದೊಂದು ಮುತ್ತಿಗೆಯಿಂದ ಊರು ಸೊರಗಿದ್ದು, ನೆರವಿಗೆ ಯಾರೂ ಬಾರದ್ದು, ಇವನ್ನೆಲ್ಲ ತೂಗದೆ ಒಂದೇ ಮಾತಿನಲ್ಲಿ ದ್ರೋಹವೆಂದು ಮುಗಿಸುವುದು ಸುಲಭ. ತ.ರಾ.ಸು. ‘ದುರ್ಗಾಸ್ತಮಾನ’ ಬರೆದಾಗ ಆ ಸುಲಭದ ದಾರಿ ಹಿಡಿಯಲಿಲ್ಲ. ನಾಯಕನ ಎಡವಟ್ಟುಗಳನ್ನೂ ನೋವನ್ನೂ ಕಂಡರು. 1985ರಲ್ಲಿ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೊರಡಿಸಿದ ಜನ

ಮದಕರಿ ನಾಯಕನನ್ನು ಕುಟುಂಬಸಹಿತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಇದು ಎಲ್ಲರಿಗೂ ಗೊತ್ತು. ಅದರ ಹಿಂದೆಯೇ ನಡೆದದ್ದು ಯಾಕೋ ನಮ್ಮ ಭಾಷಣಗಳಲ್ಲಿ ಬರುವುದಿಲ್ಲ. ಬೇಡರ ಬಲ ಮುರಿಯಲೆಂದು ಹೈದರ ಇಪ್ಪತ್ತು ಸಾವಿರ ಜನರನ್ನು ದುರ್ಗದಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ನೆಲೆಗೊಳಿಸಿದನೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಗಂಡುಹುಡುಗರನ್ನು ಮತಾಂತರಿಸಿ, ಕವಾಯತು ಕಲಿಸಿ ಚೇಲಾ ಪಡೆಗಳನ್ನು ಕಟ್ಟಿದರು. ಮುಂದಿನ ಯುದ್ಧಗಳಲ್ಲಿ ಆ ಪಡೆಗಳು ಮೈಸೂರಿಗೆ ಬಹಳ ಒದಗಿಬಂದವು. ದುರ್ಗದ ಬತೇರಿ ಕಾದವರ ಮಕ್ಕಳು ದುರ್ಗ ಗೆದ್ದವನ ಧ್ವಜದ ಕೆಳಗೆ ಕಾದಾಡಿದರು. ಯುದ್ಧ ಮನುಷ್ಯರಿಗೆ ಏನು ಮಾಡುತ್ತದೆ ಎಂದು ಕೇಳುವವರಿಗೆ ನಮ್ಮ ಊರಿನಿಂದ ಕೊಡಬಹುದಾದ ಉತ್ತರ ಇದು.

ಇಪ್ಪತ್ತು ಸಾವಿರವೆಂಬುದು ದುಂಡು ಸಂಖ್ಯೆ, ಒಪ್ಪುತ್ತೇನೆ. ಅದರ ಅರ್ಧವೇ ಆಗಿರಲಿ, ಒಂದು ಊರಿಗೆ ಊರೇ ಬರಿದಾದ ಹಾಗೆ. ಕೇರಿಗಳು ಖಾಲಿಯಾದವು, ಕೋಟೆ ಮಾತ್ರ ಮೈಸೂರಿನ ಸೇನೆಗೆ ಠಾಣ್ಯವಾಗಿ ಉಳಿಯಿತು. 1783ರಲ್ಲಿ ಬಿದನೂರಿನಲ್ಲಿ ಟಿಪ್ಪುವಿಗೆ ಸಿಕ್ಕ ಇಂಗ್ಲಿಷ್ ಕೈದಿಗಳಲ್ಲಿ ಕೆಲವರನ್ನು ಇದೇ ಬೆಟ್ಟದ ಮೇಲೆ ಕೂಡಿಟ್ಟರು. ಆ ಬಿದನೂರಿನ ಕೈದಿಗಳ ಪಾಡನ್ನು ಹೆನ್ರಿ ಓಕ್ಸ್ ಎಂಬ ಅಧಿಕಾರಿ ಬರೆದ. 1785ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಯಿತು. ಅವರಿಗಿಂತ ನಾಲ್ಕು ವರ್ಷ ಮೊದಲು ಇಲ್ಲಿಂದ ಸೆರೆಹೋದ ನಮ್ಮ ಮಕ್ಕಳ ಪಾಡನ್ನು ಬರೆದುಕೊಳ್ಳಲು ಯಾರೂ ಕೂರಲಿಲ್ಲ.

ದುರ್ಗದ ಚರಿತ್ರೆಗೆ ದುಡಿದವರು ಕಡಿಮೆಯೇನಿಲ್ಲ. ಎಂ.ಎಸ್. ಪುಟ್ಟಣ್ಣನವರು ‘ಚಿತ್ರದುರ್ಗದ ಪಾಳಯಗಾರರು’ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆ, ಬಖೈರು, ಶಾಸನಗಳನ್ನು ಹುಡುಕುತ್ತ ಆಯುಷ್ಯ ಸವೆಸಿದರು. ಅವರು ಕೂಡಿಟ್ಟದ್ದನ್ನು ನಾವು ಮೆರವಣಿಗೆಗೆ ಬೇಕಾದಷ್ಟು ಮಾತ್ರ ಬಳಸುತ್ತೇವೆ. ಉತ್ಸವ ಬಂದರೆ ದೀಪಾಲಂಕಾರಕ್ಕೆ ಹಣವಿರುತ್ತದೆ. ಚಂದ್ರವಳ್ಳಿಯ ಶಾಸನದ ಪಕ್ಕದಲ್ಲಿ ಅದರ ವಾದ-ವಿವಾದವನ್ನು ನಾಲ್ಕು ಸಾಲಿನಲ್ಲಿ ತಿಳಿಸುವ ಒಳ್ಳೆಯ ಫಲಕಕ್ಕೆ ಇರುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು. ಪ್ರತಿಮೆ ಸಾಕು. ಪೇಟೆಯಲ್ಲಿ, ಜನ ದಿನಾ ಓಡಾಡುವ ಸಂತೆಹೊಂಡದ ಬಳಿ, ಒಂದು ಕಲ್ಲು ನಿಲ್ಲಿಸಬೇಕು. 1779ರಲ್ಲಿ ಈ ಊರಿನಿಂದ ಹೊರಡಿಸಲ್ಪಟ್ಟವರು ಇಪ್ಪತ್ತು ಸಾವಿರವೆಂದು ಗೆಜೆಟಿಯರ್ ಹೇಳುತ್ತದೆ, ಆ ಲೆಕ್ಕಕ್ಕೆ ಬೇರೆ ಸಾಕ್ಷಿ ಸಾಲದು, ಎಂದು ಅನುಮಾನವನ್ನೂ ಸೇರಿಸಿಯೇ ಕೆತ್ತಿಸಬೇಕು. ನಾಯಕ ಮನೆತನಗಳ ಹಿರಿಯರ ಬಾಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದವರ ಮಾತು ಇನ್ನೂ ಉಳಿದಿದ್ದರೆ ಈಗಲೇ ಕೂತು ಬರೆದುಕೊಳ್ಳಬೇಕು. ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ, ಕೈಯಲ್ಲಿ ಧ್ವನಿ ಹಿಡಿಯುವ ಫೋನಿದೆ. ಇದಕ್ಕೆ ಅನುದಾನ ಬರಲಿ ಎಂದು ಕಾಯುವ ಅಗತ್ಯವಿಲ್ಲ.