ತಘಾಜಾದ ಉಪ್ಪು, ಮಾಲಿಯ ಚಿನ್ನ

ಸಹಾರಾ ಮರುಭೂಮಿಯ ನಟ್ಟನಡುವೆ ತಘಾಜಾ ಎಂಬಲ್ಲಿ ನೆಲ ಅಗೆದು ದಪ್ಪ ಹಲಗೆಗಳಂತೆ ಉಪ್ಪು ತೆಗೆಯುತ್ತಿದ್ದರು. ಒಂದು ಒಂಟೆಗೆ ಎರಡು ಹಲಗೆ, ಅದೇ ಒಂದು ಹೇರು. 1352ರಲ್ಲಿ ಮೊರಾಕ್ಕೋದ ಸಿಜಿಲ್ಮಾಸಾದಿಂದ ಹೊರಟ ಪ್ರವಾಸಿ ಇಬ್ನ್ ಬತೂತ 25 ದಿನಗಳ ಮೇಲೆ ಇಲ್ಲಿಗೆ ಬಂದ. ಮನೆ, ಮಸೀದಿಗಳ ಗೋಡೆಯೂ ಉಪ್ಪಿನದೇ. ಮೇಲೆ ಒಂಟೆ ತೊಗಲಿನ ಮಾಡು. ಮರವಿಲ್ಲ, ಕುಡಿಯುವ ನೀರೂ ಉಪ್ಪುಪ್ಪು. ಗಣಿಯಲ್ಲಿ ದುಡಿಯುತ್ತಿದ್ದವರು ಮಸೂಫಾ ಬುಡಕಟ್ಟಿನವರ ಗುಲಾಮರು. ಅವರಲ್ಲಿ ಒಬ್ಬರ ಹೆಸರನ್ನೂ ಆತ ಬರೆದಿಡಲಿಲ್ಲ.

ಮರುಭೂಮಿಯ ದಕ್ಷಿಣ ಅಂಚಿನ ಊರು ವಲಾಟಾದಲ್ಲಿ ಹೇರಿಗೆ 8ರಿಂದ 10 ಮಿಸ್ಕಾಲ್ ಚಿನ್ನ. ಮಾಲಿಯ ರಾಜಧಾನಿ ಮುಟ್ಟಿದರೆ 20ರಿಂದ 30, ಕೆಲವೊಮ್ಮೆ 40. ಮಿಸ್ಕಾಲ್ ಎಂದರೆ 4 ಗ್ರಾಂಗಿಂತ ತುಸು ಹೆಚ್ಚು. ಉಪ್ಪಿನ ತುಂಡುಗಳೇ ಅಲ್ಲಿ ಹಣದಂತೆ ಚಲಾವಣೆಯಾಗುತ್ತಿದ್ದವು.

ಈ ದಾರಿಯ ಸುಂಕ ದೊರೆಗಳ ಬೊಕ್ಕಸ ತುಂಬಿತು. 11ನೇ ಶತಮಾನದ ಘಾನಾ ಸಾಮ್ರಾಜ್ಯದಲ್ಲಿ ಕತ್ತೆಯ ಹೇರು ಉಪ್ಪು ಒಳಬಂದರೆ 1 ದಿನಾರ್, ಹೊರಹೋದರೆ 2. ಮಾಲಿಯ ದೊರೆ ಮನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಯ ದಾರಿಯಲ್ಲಿ ಕೈರೋದಲ್ಲಿ ಎಷ್ಟು ಚಿನ್ನ ಚೆಲ್ಲಿದನೆಂದರೆ ಅಲ್ಲಿನ ಪೇಟೆಯಲ್ಲಿ ಚಿನ್ನದ ಬೆಲೆಯೇ ಇಳಿಯಿತು.

ಇಷ್ಟೆಲ್ಲ ಸಿರಿ ನಿಂತಿದ್ದು ಒಂಟಿ ಮನುಷ್ಯನೊಬ್ಬನ ಮೇಲೆ. ಆತ ತಕ್ಶೀಫ್, ವ್ಯಾಪಾರಿಗಳ ಒಂಟೆ ತಂಡಕ್ಕಿಂತ ಮುಂದಾಗಿ ಹೋಗುವ ದಾರಿಕಾರ. ಕೂಲಿ 100 ಮಿಸ್ಕಾಲ್ ಚಿನ್ನ. ವ್ಯಾಪಾರಿಗಳ ಓಲೆ ಹಿಡಿದು ವಲಾಟಾ ಸೇರಿದರೆ, ಅಲ್ಲಿಂದ ಜನ ನೀರು ಹೊತ್ತು ನಾಲ್ಕು ದಿನದ ಹಾದಿ ಎದುರು ಬರುತ್ತಿದ್ದರು. ಆತ ಮರಳಿನಲ್ಲೇ ಅಳಿದರೆ, ಹಿಂದೆ ತಂಡವೊಂದು ಬರುತ್ತಿದೆ ಎಂಬುದೇ ಊರಿಗೆ ತಿಳಿಯುತ್ತಿರಲಿಲ್ಲ.