ಇನ್ನೂ ಬಾರದ ಕಾಯಿಲೆಗೆ ಇಂದೇ ಲೆಕ್ಕ: ಕಲ್ನಾರು ಪರಿಹಾರದ ಅಂದಾಜು ತಪ್ಪಿದ ಬಗೆ

ಸಿಮೆಂಟ್ ಶೀಟಿನ ಮಾಡು ಇಲ್ಲದ ಊರು ಗಡಿಭಾಗದಲ್ಲಿ ಸಿಗುವುದು ಕಷ್ಟ. ಮನೆಗಲ್ಲದಿದ್ದರೆ ದನದ ಕೊಟ್ಟಿಗೆಗೆ, ಅದಕ್ಕೂ ಅಲ್ಲದಿದ್ದರೆ ಸ್ನಾನದ ಮನೆಗೆ, ಒಂದು ನಾಲ್ಕು ಶೀಟಾದರೂ ಇದ್ದೇ ಇರುತ್ತದೆ. ಆ ಶೀಟಿಗೆ ಗಟ್ಟಿತನ ಕೊಡಲು ಸಿಮೆಂಟಿನೊಳಗೆ ಬೆರೆಸುವ ನಾರೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಇದೇ ಬಗೆಯ ಶೀಟಿಗೆ ಆಸ್ಟ್ರೇಲಿಯದಲ್ಲಿ ಫೈಬ್ರೊ ಎಂದು ಹೆಸರು. ಅಲ್ಲಿ ಎರಡನೇ ಮಹಾಯುದ್ಧದ ನಂತರ ಕಟ್ಟಿದ ಲಕ್ಷಾಂತರ ಸಾಮಾನ್ಯರ ಮನೆಗಳಿಗೆ ಗೋಡೆಯೂ ಅದೇ, ಮಾಡೂ ಅದೇ. ಅದನ್ನು ತಯಾರಿಸುತ್ತಿದ್ದ ಅತಿ ದೊಡ್ಡ ಕಂಪನಿ ಜೇಮ್ಸ್ ಹಾರ್ಡಿ. ಮುಂದೆ ರೋಗ ಬರಲಿರುವವರಿಗೆ ಪರಿಹಾರ ಕೊಡಲೆಂದು ಈ ಕಂಪನಿ 2001ರಲ್ಲಿ ಸುಮಾರು 29 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ಆಸ್ತಿಯನ್ನು ತೆಗೆದಿಟ್ಟಿತು. ಮೂರೂವರೆ ವರ್ಷ ಕಳೆಯುವುದರೊಳಗೆ ಬೇಕಾದ ಮೊತ್ತ ಅದರ ಐದು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು.

ಇಷ್ಟು ದೊಡ್ಡ ಲೆಕ್ಕ ಹೇಗೆ ತಪ್ಪುತ್ತದೆ? ತಪ್ಪಿದಾಗ ನಷ್ಟ ಯಾರ ತಲೆಗೆ ಬೀಳುತ್ತದೆ? ಅದನ್ನು ತಿಳಿಯಲು ಮೊದಲು ರೋಗದ ಸ್ವಭಾವ ತಿಳಿಯಬೇಕು.

ನಲವತ್ತು ವರ್ಷ ಕಾಯುವ ರೋಗ

ಕಲ್ನಾರನ್ನು ಕುಯ್ದಾಗ, ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನ ಜೊತೆ ಒಳಹೋದ ಎಳೆ ಕರಗುವುದಿಲ್ಲ, ಸುಲಭಕ್ಕೆ ಹೊರಗೂ ಬರುವುದಿಲ್ಲ. ಅದರಿಂದ ಬರುವ ರೋಗಗಳಲ್ಲಿ ಮುಖ್ಯವಾದವು ಮೂರು. ಶ್ವಾಸಕೋಶ ಗಡುಸಾಗಿ ಉಸಿರು ಕಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಶ್ವಾಸಕೋಶ ಅಥವಾ ಹೊಟ್ಟೆಯ ಒಳಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್. ಕೊನೆಯದು ಧೂಳು ಕುಡಿದ ಮೇಲೆ ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷಕ್ಕೆ, ಕೆಲವೊಮ್ಮೆ ಐವತ್ತು ವರ್ಷಕ್ಕೆ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡ ಮೇಲೆ ಹೆಚ್ಚಿನವರು ಬದುಕುವುದು ಒಂದೆರಡು ವರ್ಷ ಮಾತ್ರ.

ಕಾರ್ಖಾನೆಯೊಳಗೆ ದುಡಿದವರಿಗೆ ಮಾತ್ರ ಬರುತ್ತದೆ ಎಂದೂ ಇಲ್ಲ. ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಗಸರು, ಅಪ್ಪ ಮನೆಗೆ ಬಂದ ಕೂಡಲೇ ತೊಡೆ ಏರಿದ ಮಕ್ಕಳು, ಹಳೆಯ ಮನೆ ರಿಪೇರಿ ಮಾಡುತ್ತ ಶೀಟು ಕುಯ್ದವರು ಕೂಡ ಸತ್ತಿದ್ದಾರೆ. ಪಶ್ಚಿಮ ಆಸ್ಟ್ರೇಲಿಯದ ವಿಟ್ಟನೂಮ್‌ನಲ್ಲಿ 1943ರಿಂದ 1966ರ ವರೆಗೆ ನೀಲಿ ಕಲ್ನಾರಿನ ಗಣಿ ನಡೆಯಿತು. ಅದನ್ನು ನಡೆಸಿದ್ದು ಸಿಎಸ್‌ಆರ್ ಎಂಬ ಬೇರೆ ಕಂಪನಿಯ ಅಂಗಸಂಸ್ಥೆ. ಅಲ್ಲಿ ದುಡಿದ ಸುಮಾರು 7 ಸಾವಿರ ಜನರನ್ನೂ ಊರಿನಲ್ಲಿ ವಾಸವಾಗಿದ್ದವರನ್ನೂ ಸಂಶೋಧಕರು ದಶಕಗಳ ಕಾಲ ಬೆನ್ನುಹತ್ತಿ ಯಾರಿಗೆ ಯಾವಾಗ ರೋಗ ಬಂತೆಂದು ಬರೆದಿಟ್ಟರು. ಇಂದು ಲೋಕದಲ್ಲಿ ಮಾಡುವ ಅಂದಾಜುಗಳಿಗೆ ಇಂಥ ದಾಖಲೆಗಳೇ ಆಧಾರ.

ವಿಮಾ ಕಂಪನಿಗೆ ಕಷ್ಟ ಎದುರಾಗುವುದೂ ಇಲ್ಲಿಯೇ. ವಾಹನ ಅಪಘಾತವಾದರೆ ಆ ವರ್ಷವೇ ಕ್ಲೇಮು ಬರುತ್ತದೆ. ಇಲ್ಲಿ 1965ರಲ್ಲಿ ಧೂಳು ಕುಡಿದವನು ಆಸ್ಪತ್ರೆಗೆ ಬರುವುದು 2005ರಲ್ಲಿ. ಹಾಗಾದರೆ ಹಣ ಕೊಡಬೇಕಾದ್ದು ಯಾವ ವರ್ಷದ ಪಾಲಿಸಿ? ಈ ಒಂದು ಪ್ರಶ್ನೆಗೆ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಮಾಲೀಕರು ಕಾರ್ಮಿಕರ ಸಲುವಾಗಿ ಮಾಡಿಸಿದ ವಿಮೆಯ ಮಟ್ಟಿಗೆ, ಧೂಳು ಕುಡಿದ ಕಾಲದಲ್ಲಿ ಜಾರಿಯಲ್ಲಿದ್ದ ಪಾಲಿಸಿಯೇ ಹೊಣೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. ನಾಲ್ಕೈದು ದಶಕದ ಹಿಂದೆ ಕೆಲವೇ ಪೌಂಡ್ ಪ್ರೀಮಿಯಂ ಪಡೆದು ಮರೆತುಬಿಟ್ಟಿದ್ದ ಪಾಲಿಸಿಗಳು ಹೀಗೆ ಮತ್ತೆ ಎದ್ದು ಬಂದವು. ಅಷ್ಟರಲ್ಲಿ ಕೆಲವು ವಿಮಾ ಕಂಪನಿಗಳೇ ಉಳಿದಿರಲಿಲ್ಲ. ಹಡಗುಕಟ್ಟೆಗಳ ಹಳೆಯ ಪಾಲಿಸಿಗಳ ಹೊಣೆ ಹೊತ್ತಿದ್ದ ಚೆಸ್ಟರ್ ಸ್ಟ್ರೀಟ್ ಎಂಬ ಕಂಪನಿ 2001ರಲ್ಲಿ ದಿವಾಳಿಯಾಗಿತ್ತು.

ಹೀಗೆ ಘಟನೆ ನಡೆದುಹೋಗಿದ್ದರೂ ಇನ್ನೂ ದಾಖಲಾಗದ ಕ್ಲೇಮುಗಳಿಗೆ ಕಂಪನಿ ಇಂದೇ ಹಣ ತೆಗೆದಿಡಬೇಕು. ಎಷ್ಟು ಎಂದು ಹೇಳುವವರು ಆಕ್ಚುಯರಿಗಳು, ಅಂದರೆ ವಿಮೆಯ ಗಣಿತ ಓದಿದವರು.

ಲೆಕ್ಕ ಹಾಕುವ ಬಗೆ

ಮೊದಲು ದೇಶಕ್ಕೆ ಯಾವ ವರ್ಷ ಎಷ್ಟು ಟನ್ ಕಲ್ನಾರು ಬಂತು, ಯಾವ ಕೆಲಸಗಳಲ್ಲಿ ಬಳಕೆಯಾಯಿತು ಎಂದು ನೋಡುತ್ತಾರೆ. ಅದರಿಂದ ಎಷ್ಟು ಜನ, ಯಾವ ವಯಸ್ಸಿನಲ್ಲಿ ಧೂಳಿಗೆ ಸಿಕ್ಕಿರಬಹುದು ಎಂಬ ಅಂದಾಜು ಸಿಗುತ್ತದೆ. ಮೆಸೊಥೆಲಿಯೋಮಕ್ಕೆ ಒಂದು ವಿಚಿತ್ರ ಗುಣವಿದೆ. ಮೊದಲ ಬಾರಿ ಧೂಳು ಕುಡಿದು ಎಷ್ಟು ವರ್ಷವಾಯಿತೋ ಅದರ ಘನಕ್ಕೆ ಹೆಚ್ಚುಕಡಿಮೆ ಸಮನಾಗಿ ಅಪಾಯ ಏರುತ್ತದೆ. ಇಪ್ಪತ್ತು ವರ್ಷಕ್ಕೆ ಇದ್ದ ಅಪಾಯ ನಲವತ್ತು ವರ್ಷಕ್ಕೆ ಎರಡು ಪಟ್ಟಾಗುವುದಿಲ್ಲ, ಎಂಟೊಂಬತ್ತು ಪಟ್ಟಾಗುತ್ತದೆ. ಆದ್ದರಿಂದ ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಸಾವಿನ ಸಂಖ್ಯೆ ಏರುತ್ತಲೇ ಹೋಗುತ್ತದೆ. ಅತ್ತ ಮುಪ್ಪಿನಿಂದ, ಬೇರೆ ಕಾಯಿಲೆಗಳಿಂದ ಅದೇ ಜನ ತೀರಿಕೊಳ್ಳುತ್ತಲೂ ಇರುತ್ತಾರೆ. ಈ ಎರಡರ ನಡುವೆ ಸಂಖ್ಯೆ ಒಂದು ತುದಿ ಮುಟ್ಟಿ ಇಳಿಯಲಾರಂಭಿಸುತ್ತದೆ. ಆ ತುದಿ ಯಾವ ವರ್ಷ ಎಂಬುದೇ ಇಡೀ ಲೆಕ್ಕದ ಮರ್ಮ. ಅದು ಐದು ವರ್ಷ ಆಚೆ ಹೋದರೆ ಕೋಟಿಗಟ್ಟಲೆ ಹಣ ಹೆಚ್ಚು ಬೇಕು.

ಬಲ್ಲವರ ಲೆಕ್ಕವೂ ಇಲ್ಲಿ ತಪ್ಪಿದೆ. ಬ್ರಿಟನ್ನಿನ ಜೂಲಿಯನ್ ಪೀಟೊ ಮತ್ತು ಸಂಗಡಿಗರು 1995ರಲ್ಲಿ, ಗಂಡಸರಲ್ಲಿ ಮೆಸೊಥೆಲಿಯೋಮ ಸಾವು 2020ರ ಸುಮಾರಿಗೆ ತುದಿ ಮುಟ್ಟಿ ವರ್ಷಕ್ಕೆ 2,700ರಿಂದ 3,300 ಆಗಬಹುದು ಎಂದಿದ್ದರು. 2005ರಲ್ಲಿ ಪ್ರಕಟವಾದ ಅಲ್ಲಿನ ಸರ್ಕಾರಿ ತಜ್ಞರ ಲೆಕ್ಕ ಅದನ್ನು 1,950ರಿಂದ 2,450ಕ್ಕೆ ಇಳಿಸಿ, ತುದಿಯನ್ನು 2011ರಿಂದ 2015ರ ನಡುವೆ ಇಟ್ಟಿತು. ಕೊನೆಗೆ ಆದದ್ದೇನು? ಗಂಡಸರ ಸಾವು ವರ್ಷಕ್ಕೆ ಎರಡು ಸಾವಿರದ ಆಸುಪಾಸಿಗೆ ಬಂದು ನಿಂತಿತು. ಸಂಖ್ಯೆಯಲ್ಲಿ ಎರಡನೆಯವರು ಗೆದ್ದರು. ಆದರೆ ತುದಿ ಎಂಬುದು ಚೂಪಾದ ಗುಡ್ಡವಾಗದೆ 2020ರ ವರೆಗೂ ಚಪ್ಪಟೆ ದಿಣ್ಣೆಯಾಗಿಯೇ ಉಳಿಯಿತು.

ರೋಗಿಗಳ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಕ್ಲೇಮಿನ ಸಂಖ್ಯೆ ಸಿಗುವುದಿಲ್ಲ. ರೋಗ ಬಂದವರೆಲ್ಲ ವಕೀಲರ ಹತ್ತಿರ ಹೋಗುವುದಿಲ್ಲ. ಹೋಗುವವರ ಪಾಲು ಎಷ್ಟು ಎಂಬುದು ಸುದ್ದಿ, ಸಂಘಟನೆ, ಕಾನೂನು ಇವುಗಳ ಮೇಲೆ ನಿಂತಿದೆ. ಅಮೆರಿಕದ ಜಾನ್ಸ್ ಮ್ಯಾನ್ವಿಲ್ ಕಂಪನಿ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಸಂತ್ರಸ್ತರಿಗಾಗಿ 1988ರಲ್ಲಿ ಟ್ರಸ್ಟ್ ಆರಂಭವಾದಾಗ, ಮುಂದಿನ ಹಲವು ದಶಕಗಳಲ್ಲಿ ಒಟ್ಟು ಬರುವ ಕ್ಲೇಮುಗಳು ಹೆಚ್ಚೆಂದರೆ ಒಂದು ಲಕ್ಷ ಎಂದು ಎಣಿಸಿದ್ದರು. ಕೆಲವೇ ವರ್ಷಗಳಲ್ಲಿ ಅದನ್ನು ಮೀರಿ ಅರ್ಜಿಗಳು ಬಂದವು. 1995ರಿಂದ ಅಲ್ಲಿ ನೂರು ಡಾಲರ್ ಸಿಗಬೇಕಾದವರಿಗೆ ಹತ್ತು ಡಾಲರ್ ಕೊಡುವಂತಾಯಿತು, ಮುಂದೆ ಅದೂ ಇಳಿಯಿತು.

ಇನ್ನುಳಿದದ್ದು ಹಣದ ಬೆಲೆ. ಬ್ಯಾಂಕಿನಲ್ಲಿ ಎಫ್.ಡಿ. ಇಟ್ಟವರಿಗೆ ಇದು ಬೇಗ ತಿಳಿಯುತ್ತದೆ. ಇಪ್ಪತ್ತು ವರ್ಷದ ನಂತರ 100 ರೂಪಾಯಿ ಕೊಡಬೇಕಾಗಿದೆ ಎನ್ನಿ. ಬಡ್ಡಿ ಶೇಕಡ 6 ಸಿಗುವುದಾದರೆ ಇಂದು ಸುಮಾರು 31 ರೂಪಾಯಿ ತೆಗೆದಿಡಬೇಕು. ಶೇಕಡ 11.7 ಸಿಗುತ್ತದೆ ಎಂದುಕೊಂಡರೆ 11 ರೂಪಾಯಿ ಸಾಕು! ಒಬ್ಬ ರೋಗಿಯನ್ನೂ ಕಡಿಮೆ ಮಾಡದೆ, ಬಡ್ಡಿಯ ಅಂಕಿಯೊಂದನ್ನು ಏರಿಸಿಯೇ ಹೊರೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಬಹುದು. ಈ 11.7 ಎಂಬ ಅಂಕಿ ಸುಮ್ಮನೆ ಹೇಳಿದ್ದಲ್ಲ.

ಸಿಡ್ನಿಯಲ್ಲಿ ನಡೆದದ್ದು

ಜೇಮ್ಸ್ ಹಾರ್ಡಿ 1987ರ ಹೊತ್ತಿಗೆ ಕಲ್ನಾರು ಬಳಸುವುದನ್ನು ನಿಲ್ಲಿಸಿತ್ತು. ಹಳೆಯ ಹೊಣೆ ಮಾತ್ರ ಬಿಟ್ಟಿರಲಿಲ್ಲ. 2001ರ ಫೆಬ್ರವರಿಯಲ್ಲಿ ಕಂಪನಿ ಕಲ್ನಾರಿನ ಹೊಣೆ ಹೊತ್ತ ತನ್ನ ಎರಡು ಅಂಗಸಂಸ್ಥೆಗಳನ್ನು ಬೇರ್ಪಡಿಸಿ, ಹೊಸದಾಗಿ ಕಟ್ಟಿದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿ, ಅದಕ್ಕೆ ಆ 29 ಕೋಟಿ ಡಾಲರ್‌ಗಳ ಆಸ್ತಿ ಕೊಟ್ಟಿತು. ನ್ಯಾಯಬದ್ಧ ಕ್ಲೇಮುಗಳಿಗೆಲ್ಲ ಸಾಲುವಷ್ಟು ಹಣ ಇದೆ ಎಂದು ಷೇರುಪೇಟೆಗೆ ಹೇಳಿಕೆಯನ್ನೂ ಕೊಟ್ಟಿತು. ಅದೇ ವರ್ಷ ಮಾತೃಸಂಸ್ಥೆಯ ನೆಲೆ ನೆದರ್ಲೆಂಡ್ಸ್ ದೇಶಕ್ಕೆ ಬದಲಾಯಿತು.

ಆ ಹೇಳಿಕೆಗೆ ಆಧಾರವಾಗಿದ್ದದ್ದು ಟ್ರೋಬ್ರಿಜ್ ಎಂಬ ಆಕ್ಚುಯರಿ ಸಂಸ್ಥೆಯ ಅಂದಾಜು, ಸುಮಾರು 28.6 ಕೋಟಿ. ಅದಕ್ಕೆ ಬಳಸಿದ ಕ್ಲೇಮುಗಳ ಅಂಕಿ 2000ದ ಮಾರ್ಚ್‌ವರೆಗಿನದು. ಅಲ್ಲಿಂದೀಚೆಗಿನ ತಿಂಗಳುಗಳಲ್ಲಿ ಕ್ಲೇಮುಗಳು ಏರಿದ್ದವು. ಆ ಹೊಸ ಅಂಕಿಗಳು ಲೆಕ್ಕಕ್ಕೆ ಸೇರಲಿಲ್ಲ. ನಿಧಿಯ ಹಣ ಪ್ರತಿ ವರ್ಷ ಶೇಕಡ 11.7ರಂತೆ ತಪ್ಪದೆ ಬೆಳೆಯುತ್ತದೆ ಎಂದು ಬೇರೆ ಹಿಡಿದಿದ್ದರು. ಷೇರುಪೇಟೆ ಬಿದ್ದ ವರ್ಷವೂ 11.7 ಎಂದರೆ ಹಳ್ಳಿಯ ಚೀಟಿ ವ್ಯವಹಾರದವರೂ ನಂಬುವ ಮಾತಲ್ಲ.

ಅದೇ ವರ್ಷದ ಕೊನೆಗೆ ಅದೇ ಸಂಸ್ಥೆಯ ಅಂದಾಜು ಸುಮಾರು 57 ಕೋಟಿಗೆ ಏರಿತು. 2003ರಲ್ಲಿ ಸುಮಾರು 109 ಕೋಟಿ. 2004ರಲ್ಲಿ ಕೆಪಿಎಂಜಿ ಸಂಸ್ಥೆ ಲೆಕ್ಕ ಹಾಕಿದಾಗ 157 ಕೋಟಿ ಡಾಲರ್. ಈ ಮೂರು ವರ್ಷಗಳಲ್ಲಿ ಧೂಳು ಕುಡಿದವರ ಸಂಖ್ಯೆಯೇನೂ ಹೆಚ್ಚಿರಲಿಲ್ಲ. ಅವರೆಲ್ಲ ಧೂಳು ಕುಡಿದು ದಶಕಗಳೇ ಕಳೆದಿದ್ದವು. ಬದಲಾದದ್ದು ಕಾಗದದ ಮೇಲಿನ ಅಂಕಿ.

ನ್ಯೂ ಸೌತ್ ವೇಲ್ಸ್ ಸರ್ಕಾರ 2004ರಲ್ಲಿ ಡೇವಿಡ್ ಜಾಕ್ಸನ್ ಅವರ ವಿಚಾರಣಾ ಆಯೋಗ ನೇಮಿಸಿತು. ನಿಧಿಯಲ್ಲಿರುವ ಹಣ 2007ರಲ್ಲೇ ಮುಗಿಯುತ್ತದೆ ಎಂದು ಆಯೋಗ ಕಂಡುಕೊಂಡಿತು. ಅಂದರೆ ಆ ಬಳಿಕ ರೋಗ ಪತ್ತೆಯಾದವರು ಬಾಗಿಲು ತಟ್ಟಿದರೆ ಒಳಗೆ ಏನೂ ಇರುತ್ತಿರಲಿಲ್ಲ. ಮೊದಲು ಕಾಯಿಲೆ ಬಿದ್ದವರಿಗೆ ಪೂರ್ತಿ, ನಂತರ ಬಿದ್ದವರಿಗೆ ಸೊನ್ನೆ.

ಆಗ ಬೀದಿಗೆ ಇಳಿದವರಲ್ಲಿ ಬರ್ನಿ ಬ್ಯಾಂಟನ್ ಎಂಬ ಹಳೆಯ ಕಾರ್ಮಿಕರೂ ಒಬ್ಬರು. ಸಿಡ್ನಿ ಬಳಿಯ ಕಮೀಲಿಯ ಕಾರ್ಖಾನೆಯಲ್ಲಿ 1968ರಿಂದ 1974ರ ವರೆಗೆ ದುಡಿದಿದ್ದ ಅವರಿಗೆ ಆಸ್ಬೆಸ್ಟೋಸಿಸ್ ಇತ್ತು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ ಅವರು ಸಭೆಗಳಿಗೆ ಬರುತ್ತಿದ್ದರು. ಕಾರ್ಮಿಕ ಸಂಘಟನೆಗಳು, ಸರ್ಕಾರ ಮತ್ತು ಕಂಪನಿಯ ನಡುವೆ ದೀರ್ಘ ಮಾತುಕತೆ ನಡೆದು, ಕಂಪನಿ ವಾರ್ಷಿಕ ನಗದು ಗಳಿಕೆಯ ಶೇಕಡ 35ರ ಮಿತಿಯಲ್ಲಿ ಪ್ರತಿ ವರ್ಷ ಹೊಸ ನಿಧಿಗೆ ಹಣ ಹಾಕಬೇಕೆಂದು ಒಪ್ಪಂದವಾಯಿತು. ಷೇರುದಾರರು ಅದಕ್ಕೆ ಒಪ್ಪಿದ್ದು 2007ರ ಫೆಬ್ರವರಿಯಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಬ್ಯಾಂಟನ್ ಮೆಸೊಥೆಲಿಯೋಮದಿಂದ ತೀರಿಕೊಂಡರು.

ಈ ಒಪ್ಪಂದದಲ್ಲಿ ಒಂದು ಜಾಣತನವಿದೆ. ಒಂದೇ ಸಲ ಲೆಕ್ಕ ಹಾಕಿ ಹಣ ಕೊಟ್ಟು ಕೈ ತೊಳೆದುಕೊಳ್ಳುವ ಬದಲು, ಆಕ್ಚುಯರಿ ಪ್ರತಿ ವರ್ಷ ಹೊಸ ಅಂಕಿ ಹಿಡಿದು ಮತ್ತೆ ಲೆಕ್ಕ ಹಾಕಬೇಕು. ಹೀಗಾಗಿ ಅಂದಾಜು ತಪ್ಪಿದರೂ ಮರುವರ್ಷ ತಿದ್ದಲು ಎಡೆಯಿದೆ. ಆದರೂ ಗಳಿಕೆ ಇಳಿದರೆ ಕಂತೂ ಇಳಿಯುತ್ತದೆ. ಅಮೆರಿಕದಲ್ಲಿ ಮನೆ ಕಟ್ಟುವ ವ್ಯವಹಾರ ಕುಸಿದಾಗ ಹಾಗೆಯೇ ಆಗಿ, 2010ರಲ್ಲಿ ಸರ್ಕಾರ 32 ಕೋಟಿ ಡಾಲರ್‌ವರೆಗೆ ಸಾಲದ ಏರ್ಪಾಡು ಮಾಡಬೇಕಾಯಿತು. 2001ರ ಷೇರುಪೇಟೆ ಹೇಳಿಕೆಯ ವ್ಯಾಜ್ಯ 2012ರ ವರೆಗೂ ಎಳೆಯಿತು. ಆ ಹೇಳಿಕೆ ದಾರಿ ತಪ್ಪಿಸುವಂಥದ್ದು, ಅದಕ್ಕೆ ಒಪ್ಪಿಗೆ ಕೊಟ್ಟ ನಿರ್ದೇಶಕರು ಕರ್ತವ್ಯ ಮೀರಿದ್ದಾರೆ ಎಂದು ಆಸ್ಟ್ರೇಲಿಯದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿತು.

ನಮ್ಮ ಕಡೆ

ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಗೆ ಕಲ್ನಾರನ್ನು ಪೂರ್ತಿ ನಿಷೇಧಿಸಿದವು. ಭಾರತದಲ್ಲಿ ಬಿಳಿ ಕಲ್ನಾರನ್ನು ಹೊರದೇಶಗಳಿಂದ ತರಿಸಿ ಶೀಟು ಮಾಡುವುದು ನಿಂತಿಲ್ಲ. ಮೇಲೆ ಹೇಳಿದ ಲೆಕ್ಕದ ಪ್ರಕಾರ, ಇಂದು ಧೂಳು ಕುಡಿದವರ ರೋಗ ಎಣಿಕೆಗೆ ಸಿಗುವುದು 2060ರ ಸುಮಾರಿಗೆ.

ಎಣಿಸಲು ದಾಖಲೆ ಬೇಕು. ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದಕ್ಕೊಂದು ಆದೇಶವಿದೆ. ಕಲ್ನಾರು ಉದ್ದಿಮೆಯ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು, ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು. ಕಾರ್ಮಿಕರಿಗೆಲ್ಲ ಆರೋಗ್ಯ ವಿಮೆ ಕಡ್ಡಾಯ. ರೋಗ ದೃಢಪಟ್ಟವರಿಗೆ ತಲಾ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ನ್ಯಾಯಾಲಯ ಅಂದು ಗೊತ್ತುಪಡಿಸಿತು.

ಆದರೆ ಶೀಟು ಕುಯ್ದು ಮಾಡಿಗೆ ಕೂರಿಸುವ ಬಡಗಿ, ಹಳೆಯ ಶೀಟು ಒಡೆದು ಟ್ರ್ಯಾಕ್ಟರಿಗೆ ತುಂಬುವ ಕೂಲಿಯಾಳು ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇಲ್ಲ. ಗಡಿ ದಾಟಿ ಒಂದು ರಾಜ್ಯದಲ್ಲಿ ದುಡಿದು ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುವವರ ಲೆಕ್ಕವಂತೂ ಇನ್ನೂ ಕಠಿಣ. ಕಲ್ನಾರಿನ ಕೆಲಸ ಮಾಡಿದವರು ನೇಮಕದ ಕಾಗದ, ಸಂಬಳದ ಚೀಟಿ, ಪಿ.ಎಫ್. ಮತ್ತು ಇ.ಎಸ್.ಐ. ಸಂಖ್ಯೆಗಳನ್ನು ನಿವೃತ್ತಿಯ ನಂತರವೂ ಎಸೆಯಬಾರದು. ಬಿಡದ ಕೆಮ್ಮು, ಏದುಸಿರು ಕಂಡಾಗ ಹಿಂದೆ ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಮಾಡಿದ್ದೆ ಎಂಬುದನ್ನು ವೈದ್ಯರು ಕೇಳದಿದ್ದರೂ ತಾವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹಳೆಯ ಶೀಟು ಇಳಿಸುವಾಗ ನೀರು ಚಿಮುಕಿಸಿ ನೆನೆಸಿ, ಒಡೆಯದಂತೆ ಇಡಿಯಾಗಿ ತೆಗೆಯುವುದು ಒಳ್ಳೆಯದು. ಕುಯ್ದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಬಾರದು. ಆ ದಿನದ ಬಟ್ಟೆಯನ್ನು ಕೊಡವದೆ, ಮನೆಮಂದಿಯ ಬಟ್ಟೆಯೊಡನೆ ಸೇರಿಸದೆ, ಬೇರೆಯಾಗಿ ನೀರಿಗೆ ಹಾಕಬೇಕು.